ಪದ್ಮಾ ನದಿಯಲ್ಲಿ ಸತ್ತವನಿಗೆ

ಚಂದನನಗರ
೨೨ ನವೆಂಬರ್ ೧೯೩೧

ಕಲ್ಯಾಣೀಯ ಸರಯೂ,

ನಾನು ಸತ್ತ ಸುದ್ದಿಯನ್ನು ಹತ್ತನೇ ತಾರೀಖಿನ ಪತ್ರಿಕೆಯಲ್ಲಿ ಓದಿದೆ. ಮೂರನೇ ಪುಟ, ನಾಲ್ಕು ಸಾಲು. ಪಿತೂರಿ ಮೊಕದ್ದಮೆಯಲ್ಲಿ ತಲೆಮರೆಸಿಕೊಂಡಿದ್ದ ಹಿಜಲತಲಾದ ಅನಾದಿನಾಥ ಗುಹ ಎಂಬಾತನ ಹೆಣ ಪದ್ಮಾ ನದಿಯ ಮರಳುದಿಬ್ಬದಲ್ಲಿ ಸಿಕ್ಕಿದೆ, ಮನೆಯವರು ಗುರುತು ಹಿಡಿದಿದ್ದಾರೆ, ಅಷ್ಟೇ. ವಯಸ್ಸು ಮೂವತ್ತೆರಡು ಎಂದು ಹಾಕಿದ್ದಾರೆ. ಆರು ವರ್ಷ ಸೇರಿಸಿದ್ದಕ್ಕೆ ಸಂಪಾದಕರಿಗೊಂದು ಕಾಗದ ಬರೆಯೋಣವೆನ್ನಿಸಿತು.

ನಾನು ಬದುಕಿದ್ದೇನೆ. ಅದನ್ನು ಮೊದಲೇ ಬರೆಯಬೇಕಿತ್ತು.

ಮೂರನೇ ತಾರೀಖು ತಾರ್ಪಾಶಾ ಘಾಟಿನ ಹತ್ತಿರ ಪೊಲೀಸರ ಲಾಂಚು ನಮ್ಮ ದೋಣಿಯನ್ನು ಅಟ್ಟಿಸಿಕೊಂಡು ಬಂತು. ನಾನು ನೀರಿಗೆ ಹಾರಿದೆ. ಅವರು ಗುಂಡು ಹಾರಿಸಿದರು, ತಾಗಲಿಲ್ಲ. ದಡದಲ್ಲಿ ನನ್ನನ್ನು ಎತ್ತಿಕೊಂಡವನು ಸ್ಟೀಮರ್ ನಡೆಸುವ ಸಾರಂಗ, ಮೊಫಿಜುದ್ದೀನ್. ಕಲ್ಲಿದ್ದಲಿನ ಕೋಣೆಯಲ್ಲಿ ಕೂರಿಸಿ ಗೋಯಾಲಂದೊವರೆಗೆ ತಂದ. ಅಲ್ಲಿಂದ ರೈಲು. ಈಗ ಫ್ರೆಂಚರ ಊರಿನಲ್ಲಿದ್ದೇನೆ. ಇಲ್ಲಿ ಬ್ರಿಟಿಷರ ಪೊಲೀಸು ಕಾಲಿಡುವಂತಿಲ್ಲ. ಒಂದು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತೇನೆ. ಹೆಸರು ಹರಿಪದ.

ಒಂದು ವಿಷಯ ನಿನಗೆ ಸರಿಯಾಗಿ ಗೊತ್ತಿರಲಿ. ನಮ್ಮ ದಳ ಬಿಟ್ಟು ಸರ್ಕಾರದ ಕಡೆ ರಾಜಸಾಕ್ಷಿಯಾದ ಬಿನೋದ, ಲಾಂಚು ಘಾಟಿನಲ್ಲಿ ಬ್ರಿಟಿಷ್ ಸಾಹೇಬನನ್ನು ಗುಂಡಿಟ್ಟು ಕೊಂದವನು ನಾನೇ ಎಂದು ಹೇಳಿಕೆ ಕೊಟ್ಟಿದ್ದಾನೆ. ಆ ಹೊತ್ತಿಗೆ ನಾನು ದೋಣಿ ಕಾಯುತ್ತಿದ್ದೆ. ಆದರೆ ಸಿಕ್ಕಿಬಿದ್ದರೆ ನೇಣೇ. ಸತ್ತವನನ್ನು ಯಾರೂ ಹುಡುಕುವುದಿಲ್ಲವಲ್ಲ, ಈ ತಪ್ಪು ನನಗೆ ಲಾಭವೇ ಆಯಿತು.

ಆದರೂ ಕೇಳುತ್ತೇನೆ. ಎಂಟು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು ನೀನು. ಯಾವನೋ ಒಬ್ಬನ ಹೆಣ ನೋಡಿ ನಾನೆಂದುಕೊಂಡೆಯಲ್ಲ, ಅಷ್ಟೂ ಗುರುತು ಸಿಗಲಿಲ್ಲವೇ?

ಅಂಚೆಯಲ್ಲಿ ಬರೆಯಬೇಡ. ಚಾಪೆ ಮಾರುವ ಜೊಹರಾ ಮೊಫಿಜುದ್ದೀನನ ತಂಗಿ, ಅವಳ ಕೈಲಿ ಕೊಡು. ಇದನ್ನು ಓದಿ ಒಲೆಗೆ ಹಾಕು.

ಅನಾದಿ


ಹಿಜಲತಲಾ
೧೪ ಡಿಸೆಂಬರ್ ೧೯೩೧

ಶ್ರೀಚರಣಗಳಿಗೆ,

ಗುರುತು ಸಿಗದೆ ಹೇಳಲಿಲ್ಲ. ಸಿಕ್ಕಿತು, ಅದಕ್ಕೇ ಹೇಳಿದೆ.

ನವೆಂಬರ್ ಎಂಟರ ಬೆಳಿಗ್ಗೆ ಠಾಣೆಯ ದಾರೋಗಾ ಭೂಪತಿ ಲಾಹಿರಿ ಎತ್ತಿನ ಗಾಡಿ ಕಳಿಸಿದರು. ನಾನೂ ಅತ್ತೆಯೂ ಹೋದೆವು. ಘಾಟಿನಲ್ಲಿ ಗೋಣಿ ಮುಚ್ಚಿ ಮಲಗಿಸಿದ್ದರು. ಮುಖವೆನ್ನುವುದು ಇರಲಿಲ್ಲ, ಮೀನು ತಿಂದಿದ್ದವು. ಎತ್ತರ ನಿಮ್ಮಷ್ಟೇ. ದಾರೋಗಾ ಗೋಣಿಯನ್ನು ಎದೆಯವರೆಗೆ ಸರಿಸಿ, "ಬೌಮಾ, ನೋಡಿ ಹೇಳಿ. ಅವಸರ ಇಲ್ಲ," ಎಂದು ತಮ್ಮ ಮನೆಯ ಸೊಸೆಯನ್ನು ಕರೆಯುವ ಹಾಗೆ ಹೇಳಿದರು. ಆ ಮನುಷ್ಯನ ಎಡ ಭುಜದಲ್ಲಿ ಸಿಡುಬಿಗೆ ದೇವಿ ಹಾಕಿಸಿದ ಗುರುತು ಇರಲಿಲ್ಲ. ನಿಮಗೆ ಎರಡು ಇವೆ.

ನೀವು ಎಲ್ಲಿದ್ದೀರೋ ನನಗೆ ಗೊತ್ತಿರಲಿಲ್ಲ. ಇದ್ದೀರೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಇವರು ನೀವಲ್ಲ ಎಂದರೆ ಲಾಂಚು ಮತ್ತೆ ಹೊರಡುತ್ತದೆ ಎಂಬುದಷ್ಟೇ ಗೊತ್ತಿತ್ತು. "ಇವರೇ" ಎಂದೆ.

ಅತ್ತೆ ಆ ಕ್ಷಣಕ್ಕೆ ಹೆಣದ ಮೇಲೆ ಬಿದ್ದು ಅತ್ತ ರೀತಿಗೆ ಪೇದೆಗಳೆಲ್ಲ ನದಿಯ ಕಡೆ ತಿರುಗಿ ನಿಂತರು. ನನ್ನ ಸುಳ್ಳು ನಿಂತದ್ದು ಆ ಅಳುವಿನಿಂದ. ಅವರಿಗೆ ನಾನು ನಿಜ ಹೇಳಿಲ್ಲ. ಹೇಳಬೇಕೆಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತದೆ. ಆದರೆ ಅವರ ಮುಖ ನಿಮಗೆ ಗೊತ್ತಲ್ಲ, ಒಳಗಿನದ್ದೆಲ್ಲ ಹೊರಗೇ ಇರುತ್ತದೆ. ಪಕ್ಕದ ಮನೆಯ ಖ್ಯಾಂತ ಪಿಶಿ ಒಂದೇ ಸಲ ನೋಡಿದರೆ ಸಾಕು, ಸಂಜೆಗೆ ಕೊಳದ ಮೆಟ್ಟಿಲಿನಲ್ಲಿ ಇಡೀ ಊರು ಅದನ್ನೇ ಆಡಿಕೊಳ್ಳುತ್ತದೆ.

ಮೂವತ್ತು ದಿನದ ಸೂತಕ ಕಳೆದು ಎಂಟನೇ ತಾರೀಖು ಶ್ರಾದ್ಧ ಆಯಿತು. ನಿಮ್ಮ ದೊಡ್ಡಪ್ಪನ ಮಗ ಪಿಂಡ ಇಟ್ಟ. ಬ್ರಾಹ್ಮಣರು ಹನ್ನೆರಡು ಜನ ಊಟ ಮಾಡಿದರು. ನಿಮ್ಮ ಗುಣಗಾನವಾಯಿತು. ನೀವು ಅಷ್ಟು ಒಳ್ಳೆಯವರೆಂದು ನನಗೂ ಗೊತ್ತಿರಲಿಲ್ಲ.

ಕಾಗದವನ್ನು ಸುಟ್ಟಿದ್ದೇನೆ. ಸುಡುವ ಮುಂಚೆ ನಾಲ್ಕು ಸಲ ಓದಿದೆ.

ಸೇವಿಕೆ
ಸರಯೂ


ಚಂದನನಗರ
೩೧ ಜನವರಿ ೧೯೩೨

ಕಲ್ಯಾಣೀಯ ಸರಯೂ,

ನಿನ್ನ ಕಾಗದ ಓದಿ ಒಬ್ಬನೇ ಕೂತು ನಕ್ಕೆ. ದಳದಲ್ಲಿ ಇಪ್ಪತ್ತು ಜನ ಗಂಡಸರು ಸೇರಿ ಮಾಡಲಾಗದ್ದನ್ನು ನೀನು ಒಂದು ಮಾತಿನಲ್ಲಿ ಮಾಡಿದೆ. ದಳ ನಡೆಸುವ ನಮ್ಮ ಮಾಸ್ಟರ್‌ಮಶಾಯ್ ಇದನ್ನು ಕೇಳಿ, "ಆ ಹುಡುಗಿಯನ್ನು ಸೇರಿಸಿಕೊಂಡು ನಿನ್ನನ್ನು ಮನೆಯಲ್ಲಿ ಬಿಡಬೇಕಿತ್ತು," ಎಂದರು.

ಅಮ್ಮನಿಗೆ ಹೇಳದಿದ್ದದ್ದು ಸರಿ. ನೋವಾಗುತ್ತದೆ, ಆದರೂ ಹೇಳಬೇಡ. ಅವಳ ಬಾಯಿಗಿಂತ ಅವಳ ಕಣ್ಣು ಅಪಾಯ.

ನೀನು ಧೈರ್ಯಗೆಡಬೇಡ. ಬಿಳಿ ಸೀರೆ ಎಂದರೇನು, ಒಂದು ವೇಷ. ನಾನಿಲ್ಲಿ ಹರಿಪದನ ವೇಷ, ನೀನಲ್ಲಿ ವಿಧವೆಯ ವೇಷ. ಇಬ್ಬರೂ ಒಂದೇ ನಾಟಕ ಕಂಪನಿಯವರು ಎಂದುಕೋ. ಹೆಚ್ಚೆಂದರೆ ಒಂದು ವರ್ಷ. ಮೀನು ಬೇಕೆನ್ನಿಸಿದರೆ ಜೊಹರಾಳ ಮನೆಯಲ್ಲಿ ತಿಂದುಬಿಡು, ಅವಳು ಯಾರಿಗೂ ಹೇಳುವುದಿಲ್ಲ.

ನಮ್ಮ ಮೆಸ್ಸಿನಲ್ಲಿ ನಿನ್ನೆ ಸೀಗಡಿ. ತೆಂಗಿನಹಾಲು ಹಾಕಿ, ಕೆಂಪಗೆ ಎಣ್ಣೆ ತೇಲುವಂತೆ. ಎಂಟು ತಿಂದೆ. ನನಗೆ ಇಲ್ಲಿ ಯಾವ ಕೊರತೆಯೂ ಇಲ್ಲ ಎಂದು ನಿನಗೆ ತಿಳಿಯಲಿ ಅಂತ ಬರೆದೆ.

ಅನಾದಿ


ಹಿಜಲತಲಾ
೧೯ ಜೂನ್ ೧೯೩೨

ಶ್ರೀಚರಣಗಳಿಗೆ,

ಉತ್ತರ ತಡವಾಯಿತು. ಜೊಹರಾ ಬಂದಿರಲಿಲ್ಲವೆಂದು ಬರೆಯಬಹುದಿತ್ತು, ಆದರೆ ಅವಳು ಎರಡು ಸಲ ಬಂದು ಹೋದಳು. ನಾನೇ ಬರೆಯಲಿಲ್ಲ. ಸಿಟ್ಟಿತ್ತು.

ಐದು ದಿನದ ಹಿಂದೆ ಜ್ಯೇಷ್ಠದ ಏಕಾದಶಿ. ಹಿಂದಿನ ರಾತ್ರಿಯಿಂದ ಮರುದಿನ ಬೆಳಗಿನವರೆಗೆ ವಿಧವೆಗೆ ನೀರಿಲ್ಲ. ಗಾಳಿಯೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಅತ್ತೆ ಹಿತ್ತಿಲಿಗೆ ಕರೆದು, "ನೀನು ಚಿಕ್ಕವಳು, ಎರಡು ಗುಟುಕು ಕುಡಿ ಬೌಮಾ. ಪಾಪ ಬಂದ್ರೆ ನನಗೆ ಬರ್ಲಿ," ಎಂದು ಹಿತ್ತಾಳೆ ಲೋಟ ಹಿಡಿದರು. ಬೇಲಿಯಾಚೆ ಖ್ಯಾಂತ ಪಿಶಿ ಬಟ್ಟೆ ಹರಡುತ್ತಿದ್ದರು. ನಾನು ಕುಡಿಯಲಿಲ್ಲ.

ವೇಷವಾದರೆ ಮನೆಯೊಳಗೆ ಬಂದಮೇಲೆ ಕಳಚಿಡಬಹುದು. ಇದು ಹಾಗಲ್ಲ. ಕೂದಲು ಕಿವಿಯವರೆಗೆ ಕತ್ತರಿಸಿದ್ದಾರೆ. ಹಗಲಿಗೊಮ್ಮೆ ಅನ್ನ, ಸಂಜೆ ಮಂಡಕ್ಕಿ. ಮದುವೆ ಮನೆಗೆ ಹೋದರೆ ಅಡುಗೆಗೆ ತರಕಾರಿ ಹೆಚ್ಚಬಹುದು, ಹಸೆಯ ಹತ್ತಿರ ಬರುವಂತಿಲ್ಲ. ಜೊಹರಾ ಮೀನು ಕೊಡುತ್ತಾಳೆ, ಸರಿ. ತಿಂದಮೇಲೆ ಕೈ ವಾಸನೆಯನ್ನು ಎಲ್ಲಿ ಬಚ್ಚಿಡಲಿ?

ಇನ್ನೊಂದು ಮಾತು. ಆ ಮನುಷ್ಯನ ಬಗ್ಗೆ. ಅವನೂ ಯಾರೋ ಒಬ್ಬರ ಗಂಡನಿರಬೇಕು, ಬೆರಳಿಗೆ ತಾಮ್ರದ ಉಂಗುರ ಇತ್ತು. ಎಲ್ಲೋ ಒಬ್ಬಳು ಇಂದಿಗೂ ಬೈತಲೆಗೆ ಸಿಂಧೂರ ಇಟ್ಟುಕೊಂಡು, ಶಂಖದ ಬಳೆ ಹಾಕಿಕೊಂಡು, ದೋಣಿ ಬಂದಾಗಲೆಲ್ಲ ಘಾಟಿಗೆ ಓಡುತ್ತಿರುತ್ತಾಳೆ. ಅವಳು ಉಡಬೇಕಾದದ್ದನ್ನು ನಾನು ಉಟ್ಟಿದ್ದೇನೆ. ಅವಳ ಗಂಡನಿಗೆ ನಿಮ್ಮ ಹೆಸರಿನಲ್ಲಿ ಪಿಂಡ ಹೋಯಿತು. ಇದನ್ನು ನಾಟಕ ಎಂದು ಇನ್ನೊಮ್ಮೆ ಬರೆಯಬೇಡಿ.

ನಿಮ್ಮ ಎಂಟು ಸೀಗಡಿ ಅರಗಿದವು ಎಂದುಕೊಂಡಿದ್ದೇನೆ.

ಒಳ್ಳೆಯದೂ ಒಂದಿದೆ. ವಿಧವೆಯನ್ನು ಯಾರೂ ನೋಡುವುದಿಲ್ಲ. ಚೈತ್ರದಲ್ಲಿ ಅತ್ತೆಯ ಜೊತೆ ಬ್ರಹ್ಮಪುತ್ರದ ಸ್ನಾನಕ್ಕೆ ಹೋದಾಗ ನಿಮ್ಮ ಮಾಸ್ಟರ್‌ಮಶಾಯ್ ಕಳಿಸಿದ ಒಂದು ಗಂಟನ್ನು ಒದ್ದೆ ಸೀರೆಯ ಬುಟ್ಟಿಯಲ್ಲಿಟ್ಟು ಎರಡು ಪೊಲೀಸ್ ಗಸ್ತು ದಾಟಿದೆ. ಪೇದೆಯೊಬ್ಬ ದಾರಿ ಬಿಟ್ಟು, "ಹೋಗಿ ತಾಯಿ," ಎಂದ. ಅತ್ತೆಗೆ ಅದು ನೈವೇದ್ಯದ ಗಂಟು ಎಂದು ಹೇಳಿದ್ದೆ. ನಿಮ್ಮ ಕೈಗಿಂತ ನನ್ನ ಕೈ ಕಡಿಮೆ ನಡುಗುತ್ತದೆ ಎಂದು ಅವರಿಗೆ ತಿಳಿಸಿ.

ಸರಯೂ


ಚಂದನನಗರ
೭ ಆಗಸ್ಟ್ ೧೯೩೨

ಸರಯೂ,

ತಪ್ಪಾಯಿತು. ಬೇರೇನು ಬರೆಯಲಿ ಎಂದು ಮೂರು ದಿನ ಯೋಚಿಸಿದೆ, ಏನೂ ಹೊಳೆಯಲಿಲ್ಲ.

ನಾನೂ ಮೀನು ಬಿಟ್ಟಿದ್ದೇನೆ. ಜುಲೈ ಹತ್ತರಿಂದ. ಅನ್ನ, ಬೇಳೆ, ಬೇಯಿಸಿದ ಬದನೆ. ಒಪ್ಪೊತ್ತು ಊಟ. ನೀನು ಮನೆಗೆ ನನ್ನನ್ನು ಕರೆಯುವವರೆಗೆ ಹೀಗೇ.

ಮೆಸ್ಸಿನವರು ಕೇಳುತ್ತಾರೆ. ಹೊಟ್ಟೆ ಸರಿಯಿಲ್ಲ ಎಂದಿದ್ದೇನೆ.

ಅನಾದಿ


ಹಿಜಲತಲಾ
೨೫ ಆಗಸ್ಟ್ ೧೯೩೨

ಶ್ರೀಚರಣಗಳಿಗೆ,

ಮೀನು ತಿನ್ನಿ. ಇವತ್ತೇ ತಿನ್ನಿ.

ಹೊಟ್ಟೆ ಸರಿಯಿಲ್ಲದವನು ನಾಲ್ಕು ದಿನ ಬಿಡುತ್ತಾನೆ. ಇಲಿಶ್ ಮೀನಿನ ಕಾಲದಲ್ಲಿ ಒಂದು ತಿಂಗಳು ಬಿಡುವ ಬಂಗಾಳಿ ಗಂಡಸನ್ನು ನೋಡಿದರೆ ಇಡೀ ಮೆಸ್ಸು ಕೇಳುವುದು ಒಂದೇ, ಇವನ ಮನೆಯಲ್ಲಿ ಯಾರು ಸತ್ತರು? ಯಾವ ಊರು? ಯಾವ ಮನೆ? ಹತ್ತು ತಿಂಗಳು ನಾನು ಕಾದದ್ದನ್ನು ನಿಮ್ಮ ಬದನೆಕಾಯಿ ಬಯಲು ಮಾಡಬಾರದು.

ನನಗಾಗಿ ಏನಾದರೂ ಮಾಡಲೇಬೇಕೆಂದಿದ್ದರೆ ಕಾಗದ ತಪ್ಪದೆ ಬರೆಯಿರಿ.

ಸರಯೂ


ಹಿಜಲತಲಾ
೯ ಜನವರಿ ೧೯೩೪

ಶ್ರೀಚರಣಗಳಿಗೆ,

ಹದಿಮೂರು ತಿಂಗಳಿಂದ ನಿಮ್ಮಿಂದ ಒಂದಕ್ಷರವಿಲ್ಲ. ನಾನು ಬರೆದ ಮೂರು ಕಾಗದಗಳೂ ವಾಪಸ್ಸು ಬಂದವು. ಹರಿಪದ ಎಂಬುವವನು ಆ ಮೆಸ್ಸಿನಲ್ಲಿಲ್ಲ ಎಂದು ಮೊಫಿಜುದ್ದೀನ್ ಹೇಳಿ ಕಳಿಸಿದರು. ಇದನ್ನು ಮಾಸ್ಟರ್‌ಮಶಾಯ್ ಅವರಿಗೆ ಕಳಿಸುತ್ತಿದ್ದೇನೆ. ನೀವು ಇದ್ದರೆ ತಲುಪಿಸುತ್ತಾರೆ. ಇಲ್ಲದಿದ್ದರೆ ಅವರೇ ಓದಲಿ.

ಕಳೆದ ದುರ್ಗಾಪೂಜೆಯ ಹೊತ್ತಿಗೆ ನನ್ನ ತಲೆಗೊಂದು ಯೋಚನೆ ಹೊಕ್ಕಿತು. ನೀವು ನಿಜವಾಗಿಯೂ ಸತ್ತರೆ ನನಗೆ ಹೇಳುವವರು ಯಾರು? ಗೊತ್ತಾಗುವುದಾದರೂ ಹೇಗೆ? ಅಳುವ ಹಾಗೂ ಇಲ್ಲ, ನಾನು ಆಗಲೇ ಅತ್ತು ಮುಗಿಸಿದವಳು. ಆಮೇಲೆ ನಾನು ಏಕಾದಶಿಯನ್ನು ಲೆಕ್ಕ ಹಾಕುವುದನ್ನು ಬಿಟ್ಟೆ. ಎಷ್ಟು ಉಳಿದಿವೆ ಎಂದು ಎಣಿಸುವುದಕ್ಕೆ ಕೊನೆಯೊಂದು ಬೇಕಲ್ಲ.

ಈ ತಿಂಗಳ ಮೂರನೇ ತಾರೀಖು, ಅಂದರೆ ಪೌಷ ಹತ್ತೊಂಬತ್ತು, ಶಾಲೆ ಮುಗಿಸಿ ಒಳಗೆ ಬಂದೆ. (ನಾನು ಊರಿನ ಹೆಣ್ಣುಮಕ್ಕಳಿಗೆ ನಮ್ಮ ಚಾವಡಿಯಲ್ಲಿ ಪಾಠ ಹೇಳುತ್ತೇನೆ, ಹದಿನೇಳು ಜನ.) ಅಡುಗೆಮನೆಯಿಂದ ಹೊಸ ಖರ್ಜೂರದ ಬೆಲ್ಲದ ವಾಸನೆ. ಅತ್ತೆ ಪಾಯಸ ಕೆದಕುತ್ತಿದ್ದರು. ಗೋವಿಂದಭೋಗ ಅಕ್ಕಿ, ಎರಡು ಸೇರು ಹಾಲು. ನಾನು ಹೊಸ್ತಿಲಲ್ಲಿ ನಿಂತೆ. ಮಗನ ಹುಟ್ಟಿದ ದಿನ ತಾಯಿ ಪಾಯಸ ಮಾಡುವುದು ಅವನ ಆಯುಷ್ಯಕ್ಕೆ. ಸತ್ತ ಮಗನಿಗೆ ಯಾವ ತಾಯಿಯೂ ಮಾಡುವುದಿಲ್ಲ.

"ಬಾಗಿಲು ಹಾಕ್ಕೊಂಡು ಬಾ," ಎಂದರು.

"ಅಮ್ಮಾ, ಇದು ಯಾರಿಗೆ?"

"ಯಾರಿಗೆ ಅಂತ ನಿನಗೆ ಗೊತ್ತಿಲ್ವಾ? ಆ ಹೆಣದ ಕಾಲ್ಬೆರಳು ನೋಡಿದ ತಕ್ಷಣ ನನಗೆ ಗೊತ್ತಾಯ್ತು. ನಾನು ಹೆತ್ತ ಕಾಲಾ ಅದು? ನೀನು 'ಇವರೇ' ಅಂದೆ. ಸರಿ, ಹುಡುಗಿ ಏನೋ ಮಾಡ್ತಿದ್ದಾಳೆ ಅಂತ ನಾನೂ ಬಿದ್ದು ಅತ್ತೆ. ನಾನು ಅಳದಿದ್ರೆ ನಿನ್ನ ಮಾತು ಯಾರು ನಂಬ್ತಿದ್ರು?"

ಎರಡು ವರ್ಷ, ಎರಡು ತಿಂಗಳು. "ನನಗೆ ಯಾಕೆ ಹೇಳ್ಲಿಲ್ಲ?" ಎಂದೆ.

"ನಿನ್ನ ಮುಖದಲ್ಲಿ ಏನೂ ನಿಲ್ಲಲ್ಲ ಅಂದ್ಕೊಂಡೆ."

"ನಾನೂ ನಿಮ್ಮ ಬಗ್ಗೆ ಅದನ್ನೇ ಅಂದ್ಕೊಂಡಿದ್ದೆ."

"ಅದೂ ಗೊತ್ತಿತ್ತು. ಇಬ್ಬರೇ ಇರೋ ಮನೆಗೆ ಒಂಬತ್ತು ಚಾಪೆ ಯಾಕೆ ಬೌಮಾ? ಜೊಹರಾ ಬಂದಾಗಲೆಲ್ಲ ಒಂದು ಕೊಳ್ತೀಯ."

ಹಿಂದಿನ ಎರಡು ವರ್ಷವೂ ಈ ದಿನ ನಾಲ್ಕು ಕಾಳು ಅಕ್ಕಿಯನ್ನು ಹಾಲಿನಲ್ಲಿ ನೆನೆಸಿ ಯಾರೂ ನೋಡದಂತೆ ಬಾಯಿಗೆ ಹಾಕಿಕೊಂಡಿದ್ದರಂತೆ. ಈ ವರ್ಷ ಒಲೆ ಹಚ್ಚಿದ್ದು ನನಗಾಗಿ. "ಪೂಜೆ ಆದಮೇಲೆ ನಿನ್ನ ನಡಿಗೆ ಬದಲಾಯ್ತು. ನೀನು ಅವನನ್ನ ಬಿಟ್ಟುಬಿಟ್ಟೆ ಅನ್ನಿಸ್ತು. ಬಾಯಲ್ಲಿ ಹೇಳಿದ್ರೆ ನೀನು ನಂಬ್ತಿರ್ಲಿಲ್ಲ. ತಿನ್ನು." ತಿಂದೆ. ಅವರು ನನ್ನ ಕತ್ತರಿಸಿದ ಕೂದಲಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ಆದರೆ ಬೆಲ್ಲದ ವಾಸನೆಗೆ ಬಾಗಿಲು ಬೇಲಿ ಇಲ್ಲ. ಖ್ಯಾಂತ ಪಿಶಿ ಕೊಳದಲ್ಲಿ, "ಗುಹರ ಮನೆಯಲ್ಲಿ ಇವತ್ತು ಪಾಯಸ, ಪಾಪ, ಮುದುಕಿಗೆ ತಲೆ ಕೆಟ್ಟಿರಬೇಕು," ಎಂದರಂತೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಚೌಕೀದಾರನ ಹೆಂಡತಿ ಅಲ್ಲೇ ಕೊಡ ತೊಳೆಯುತ್ತಿದ್ದಳು.

ಮರುದಿನ ಬೆಳಿಗ್ಗೆ ಭೂಪತಿ ಲಾಹಿರಿ ಬಂದರು. ಜೊತೆಗೆ ನಾಲ್ಕು ಪೇದೆ. ಇಬ್ಬರನ್ನು ಹಿತ್ತಿಲಿಗೆ ಕಳಿಸಿ ತಾವು ಚಾವಡಿಯಲ್ಲಿ ಕುಳಿತರು. ನಮ್ಮ ಚಾಪೆಯ ಮೇಲೇ.

"ಮಾಶಿಮಾ, ನಿನ್ನೆ ಪಾಯಸ ಮಾಡಿದ್ರಂತೆ."

"ಪೌಷ ಮಾಸ ಅಲ್ವಾ ದಾರೋಗಾಬಾಬು. ಹೊಸ ಬೆಲ್ಲ ಬಂದಿದೆ."

"ಸಂಕ್ರಾಂತಿಗೆ ಇನ್ನೂ ಹತ್ತು ದಿನ ಇದೆ." ಕಿಸೆಯಿಂದ ಕಾಗದ ತೆಗೆದರು. "ನನ್ನ ಫೈಲಿನಲ್ಲಿ ಅನಾದಿನಾಥ ಗುಹ ಹುಟ್ಟಿದ್ದು ಪೌಷ ಹತ್ತೊಂಬತ್ತು. ನಾನೂ ಬಂಗಾಳಿ ಮನೆಯವನೇ ಮಾಶಿಮಾ. ಪಾಯಸ ಯಾಕೆ ಮಾಡ್ತಾರೆ ಅಂತ ಸಾಹೇಬರಿಗೆ ಗೊತ್ತಿಲ್ಲದೆ ಇರಬಹುದು, ನನಗೆ ಗೊತ್ತು."

ಅತ್ತೆ ಕಂಬಕ್ಕೆ ಒರಗಿ ಕೂತು, ಪಕ್ಕದ ಮನೆಗೆ ಬಂದ ನೆಂಟರನ್ನು ವಿಚಾರಿಸುವ ಹಾಗೆ ಕೇಳಿದರು, "ನಿಮ್ಮ ತಾಯಿ ಇದ್ದಾರಾ?"

"ಇದ್ದಾರೆ. ಪಾಬ್ನಾದಲ್ಲಿ."

"ನಿಮ್ಮ ಹುಟ್ಟಿದ ದಿನ ನೀವು ಇಲ್ಲಿ ಠಾಣೆಯಲ್ಲಿ ಇರ್ತೀರಿ. ಅವರು ಏನು ಮಾಡ್ತಾರೆ?"

ದಾರೋಗಾ ಕೈಯಲ್ಲಿದ್ದ ಕಾಗದದ ಮೇಲೆ ಕಣ್ಣು ಹಾಯಿಸಿದರು. "ಅಲ್ಲೇ ಪಾಯಸ ಮಾಡಿ ಯಾವುದಾದರೂ ಹುಡುಗನಿಗೆ ತಿನ್ನಿಸ್ತಾರೆ."

"ನಾನೂ ಅಷ್ಟೇ ಮಾಡಿದ್ದು. ಮಗ ಹೋದ ಅಂತ ಕೈ ಮರೆಯುತ್ತಾ? ಮೂವತ್ತು ವರ್ಷ ಈ ದಿನ ಹಾಲು ಕಾಯಿಸಿದ ಕೈ ಇದು. ಊರಿನವರು ತಲೆ ಕೆಟ್ಟಿದೆ ಅಂತಾರೆ. ಅನ್ನಲಿ ಬಿಡಿ."

"ತಲೆ ಕೆಟ್ಟವರ ಹಾಗೆ ನೀವು ಕಾಣ್ತಿಲ್ಲ, ಅದೇ ಕಷ್ಟ," ಎಂದರು ದಾರೋಗಾ. ಆಮೇಲೆ ನನ್ನ ಕಡೆ ತಿರುಗಿದರು. "ಬೌಮಾ, ಆ ದಿನ ಘಾಟಿನಲ್ಲಿ ನೀವು ನೋಡಿದ್ದು ಅವನನ್ನೇನಾ? ಇನ್ನೊಂದು ಸಲ ಕೇಳ್ತಾ ಇದ್ದೀನಿ."

ಇಲ್ಲಿ ನಾನು ಅತ್ತುಬಿಡಬೇಕಿತ್ತು. ವಿಧವೆಗೆ ಅದು ಸುಲಭ. ಅಳು ಬರಲಿಲ್ಲ, ಬೇರೊಂದು ಬಂತು. "ದಾರೋಗಾಬಾಬು, ನಾನು ಕಾನೂನು ಓದಿದವಳಲ್ಲ," ಎಂದೆ. "ಆ ದಿನ ಹೆಣದ ಮೈಮೇಲಿನ ಗುರುತುಗಳ ಪಟ್ಟಿ ಬರೆದಿದ್ದು ನೀವು. ನಿಮ್ಮ ಫೈಲಿನ ಜೊತೆ ತಾಳೆ ನೋಡಿದ್ದು ನೀವು. ನಾನು ಒಂದು ಮಾತು ಹೇಳಿದೆ, ಸಹಿ ಹಾಕಿದ್ದು ನೀವು. ಫೈಲು ಮುಚ್ಚಿದ್ದಕ್ಕೆ ಸಾಹೇಬರು ನಿಮಗೆ ಬಡ್ತಿ ಕೊಟ್ರು ಅಂತ ಕೇಳಿದ್ದೀನಿ. ಇವತ್ತು ಅದು ಅವರಲ್ಲ ಅಂತಾದ್ರೆ ನನ್ನನ್ನ ಏನು ಮಾಡ್ತೀರೋ ಮಾಡಿ. ನಿಮ್ಮನ್ನ ಅವರು ಏನು ಮಾಡ್ತಾರೆ?"

ಹಿತ್ತಿಲಲ್ಲಿ ಪೇದೆಗಳು ಹುಲ್ಲಿನ ಬಣವೆಯನ್ನು ಕೋಲಿನಿಂದ ಚುಚ್ಚುವ ಸದ್ದು ಬರುತ್ತಿತ್ತು. ದಾರೋಗಾ ಕಾಗದವನ್ನು ಮಡಿಸಿದರು. ಮತ್ತೆ ಬಿಚ್ಚಿದರು. ಅತ್ತೆ ಒಳಗೆ ಹೋಗಿ ಕಂಚಿನ ಬಟ್ಟಲಲ್ಲಿ ಉಳಿದಿದ್ದ ಪಾಯಸ ತಂದು ಅವರ ಮುಂದಿಟ್ಟು, "ಯಾವ ಹುಡುಗನಿಗೂ ತಿನ್ನಿಸೋಕೆ ಆಗ್ಲಿಲ್ಲ ನಿನ್ನೆ. ನೀವು ಬಂದ್ರಿ," ಎಂದರು.

ಅವರು ತಿಂದರು. ನಿಧಾನವಾಗಿ, ಬಟ್ಟಲು ಖಾಲಿಯಾಗುವವರೆಗೆ. ಕೈ ತೊಳೆದು ಪೇದೆಗಳನ್ನು ಕೂಗಿದರು. ಮೆಟ್ಟಿಲಿಳಿಯುವಾಗ ತಿರುಗಿ ನೋಡದೆ ಹೇಳಿದರು, "ಬೆಲ್ಲ ಚೆನ್ನಾಗಿದೆ ಮಾಶಿಮಾ. ಮುಂದಿನ ವರ್ಷದಿಂದ ಸಂಕ್ರಾಂತಿಯ ದಿನ ಮಾಡಿ. ಎಲ್ಲರ ಮನೆಯಲ್ಲೂ ಅವತ್ತೇ ಮಾಡ್ತಾರೆ."

ಅವರಿಗೆ ಎಷ್ಟು ಗೊತ್ತಾಯಿತೋ ನನಗೆ ಗೊತ್ತಿಲ್ಲ. ನೀವು ಬದುಕಿದ್ದರೆ ಇದನ್ನು ತಿಳಿದುಕೊಂಡಿರಿ, ಈ ಮನೆಯಲ್ಲಿ ಸುಳ್ಳು ಹೇಳುವವರು ಈಗ ಇಬ್ಬರು. ಅವರಲ್ಲೊಬ್ಬರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಸರಯೂ


ಚಂದನನಗರ
೨ ಮಾರ್ಚ್ ೧೯೩೪

ಸರಯೂ,

ಬದುಕಿದ್ದೇನೆ. ಈ ಸಲ ಮೊದಲ ಸಾಲಿನಲ್ಲೇ ಬರೆದಿದ್ದೇನೆ.

ಹತ್ತು ತಿಂಗಳು ಫ್ರೆಂಚರ ಜೈಲಿನಲ್ಲಿದ್ದೆ, ಹರಿಪದನಾಗಿ. ಅಚ್ಚುಕೂಟದ ಮೊಳೆ ಕದ್ದ ಆರೋಪ. ಕದ್ದದ್ದು ನಿಜ, ಕರಪತ್ರಕ್ಕೆ ಬೇಕಿತ್ತು. ಹೊರಗೆ ಬಂದಮೇಲೂ ಮೂರು ತಿಂಗಳು ಬರೆಯಲಿಲ್ಲ, ಅದಕ್ಕೆ ಕ್ಷಮೆಯಿಲ್ಲ. ಕಾಗದ ನಿಂತರೆ ನೀನು ನನ್ನನ್ನು ಮರೆತು ನೆಮ್ಮದಿಯಾಗಿರುತ್ತೀಯ ಎಂದುಕೊಂಡೆ. ಅದು ತ್ಯಾಗವೆಂದೂ ಅನ್ನಿಸಿತ್ತು. ನಿನ್ನ ಕಾಗದ ಓದಿದಮೇಲೆ ಅದರ ಸರಿಯಾದ ಹೆಸರು ತಿಳಿಯಿತು, ಸೋಮಾರಿತನ.

ಅಮ್ಮನ ಬಗ್ಗೆ ಓದಿದ್ದನ್ನು ನಾನು ಯಾರಿಗೂ ಹೇಳಿಲ್ಲ.

ಮೀನು ತಿನ್ನುತ್ತಿದ್ದೇನೆ.

ಅನಾದಿ


ಚಂದನನಗರ
೨೧ ಜೂನ್ ೧೯೩೫

ಕಲ್ಯಾಣೀಯ ಸರಯೂ,

ಸಿಹಿ ಸುದ್ದಿ. ಹೈಕೋರ್ಟು ಮೇಲ್ಮನವಿಯನ್ನು ಮುಗಿಸಿದೆ. ಬಿನೋದ ಪಾಟೀಸವಾಲಿನಲ್ಲಿ ಮೂರು ಸಲ ಮಾತು ಬದಲಿಸಿದ್ದನಂತೆ. ಅವನ ಹೇಳಿಕೆಯನ್ನು ನಂಬಲಾಗದೆಂದು ನ್ಯಾಯಾಧೀಶರು ತಳ್ಳಿಹಾಕಿದ್ದಾರೆ. ಕೊಲೆಯ ಆರೋಪ ಯಾರ ಮೇಲೂ ಉಳಿದಿಲ್ಲ. ನಾನು ಶರಣಾದರೆ ತಲೆಮರೆಸಿಕೊಂಡದ್ದಕ್ಕೆ ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ ಎಂದು ವಕೀಲರು ಹೇಳುತ್ತಾರೆ. ನಿನ್ನ ಮೇಲೆ ಏನೂ ಬರುವುದಿಲ್ಲ. ಕೊಳೆತ ಹೆಣ ನೋಡಿ ಹೆಂಗಸು ತಪ್ಪಾಗಿ ಗುರುತಿಸಿದಳು, ಅಷ್ಟೇ. ಲಾಹಿರಿಯೂ ನಿವೃತ್ತರಾಗಿ ಪಾಬ್ನಾಕ್ಕೆ ಹೋದರಂತೆ.

ಜುಲೈ ಒಂದಕ್ಕೆ ಕೋರ್ಟಿಗೆ ಹೋಗುತ್ತೇನೆ. ಮುಂದಿನ ವರ್ಷ ಪೂಜೆಗೆ ಮನೆಯಲ್ಲಿರುತ್ತೇನೆ. ಕೆಂಪು ಅಂಚಿನ ಸೀರೆ ತೆಗೆದಿಡು. ಶಂಖದ ಬಳೆಗೆ ಅಳತೆ ಕೊಡು. ಎಲ್ಲ ಮೊದಲಿನಂತೆಯೇ ಆಗುತ್ತದೆ.

ಅನಾದಿ


ಹಿಜಲತಲಾ
೧೮ ಜುಲೈ ೧೯೩೫

ಶ್ರೀಯುತ ಅನಾದಿನಾಥ ಗುಹ ಅವರಿಗೆ, ನಮಸ್ಕಾರ.

ಹೆಸರು ಬರೆದಿದ್ದೇನೆಂದು ಆಶ್ಚರ್ಯಪಡಬೇಡಿ. ಗಂಡನ ಹೆಸರನ್ನು ಹೆಂಡತಿ ಹೇಳಬಾರದು. ನೀವು ಸದ್ಯಕ್ಕೆ ಯಾರ ಗಂಡನೂ ಅಲ್ಲ. ಪುರೋಹಿತರೇ ಹೇಳಿದರು.

ನೀವು ಶರಣಾದ ಸುದ್ದಿ ಪತ್ರಿಕೆಯಲ್ಲಿ ಬಂದಮೇಲೆ ಊರು ಎರಡು ದಿನ ಬೇರೆ ಕೆಲಸ ಮಾಡಲಿಲ್ಲ. ಖ್ಯಾಂತ ಪಿಶಿ ಓಡಿ ಬಂದು ಅತ್ತೆಯನ್ನು ತಬ್ಬಿಕೊಂಡು, "ನನಗೆ ಮೊದಲೇ ಅನ್ನಿಸಿತ್ತು," ಎಂದರು. ಅತ್ತೆ, "ನಿಮಗೆ ಅನ್ನಿಸದೇ ಇರೋದು ಯಾವುದಿದೆ," ಎಂದರು. ಆಮೇಲೆ ಪುರೋಹಿತರು ಪುಸ್ತಕ ಹಿಡಿದು ಬಂದರು. ಶ್ರಾದ್ಧವಾದವನು ತಿರುಗಿ ಬಂದರೆ ಶಾಸ್ತ್ರ ಹೀಗಂತೆ. ಅವನನ್ನು ತುಪ್ಪದ ಹಂಡೆಯಲ್ಲಿ ಕೂರಿಸಿ ಎತ್ತಬೇಕು, ಅದು ಹುಟ್ಟು. ಆಮೇಲೆ ಜಾತಕರ್ಮ, ನಾಮಕರಣ, ಅನ್ನಪ್ರಾಶನ. ಎಲ್ಲ ಮುಗಿದಮೇಲೆ ಅವನು ತನ್ನ ಹೆಂಡತಿಯನ್ನೇ ಮತ್ತೆ ಮದುವೆಯಾಗಬೇಕು. ಅಷ್ಟು ದೊಡ್ಡ ಹಂಡೆ ಎಲ್ಲಿ ಸಿಗುತ್ತದೆ ಎಂದು ಅತ್ತೆ ಆಗಲೇ ವಿಚಾರಿಸುತ್ತಿದ್ದಾರೆ. ನಿಮಗೆ ಮತ್ತೊಮ್ಮೆ ಅನ್ನಪ್ರಾಶನ ಮಾಡುವುದೆಂದರೆ ಅವರಿಗೆ ಎಲ್ಲಿಲ್ಲದ ಸಂಭ್ರಮ. ನಾನು ನಗಲಿಲ್ಲ. ಮದುವೆಯ ಮಾತಿಗೆ ಬಂದು ನಿಂತೆ.

ಎಲ್ಲ ಮೊದಲಿನಂತೆಯೇ ಆಗುತ್ತದೆ ಎಂದು ಬರೆದಿದ್ದೀರಿ. ಆಗುವುದಿಲ್ಲ.

ನನ್ನ ಶಾಲೆಯಲ್ಲಿ ಈಗ ನಲವತ್ತೊಂದು ಹೆಣ್ಣುಮಕ್ಕಳಿದ್ದಾರೆ. ಅವರಲ್ಲಿ ಆರು ಜನ ವಿಧವೆಯರು, ಅತಿ ಚಿಕ್ಕವಳಿಗೆ ಹನ್ನೊಂದು. ನಾನು ಒಂದು ದಿನ ಬೆಳಿಗ್ಗೆ ಸಿಂಧೂರ ಇಟ್ಟುಕೊಂಡು ಹೋಗಿ ಅವರೆದುರು ನಿಲ್ಲುತ್ತೇನೆ. ನನ್ನ ಗಂಡ ಬಂದರು, ಅವರ ಗಂಡಂದಿರು ಬರುವುದಿಲ್ಲ. ಅದಕ್ಕೇ ಕಳೆದ ವಾರ ಆಷಾಢದ ಏಕಾದಶಿಯಂದು ನಮ್ಮ ಚಾವಡಿಯಲ್ಲಿ ಆ ಆರೂ ಜನರಿಗೆ ಅತ್ತೆ ತಮ್ಮ ಕೈಯಿಂದಲೇ ನೀರು ಕೊಟ್ಟರು, ಬಾಗಿಲು ತೆರೆದಿಟ್ಟು. ನಾನೂ ಕುಡಿದೆ. ಊರು ಇನ್ನೂ ಬೈಯುತ್ತಿದೆ. ಇದು ನಿಲ್ಲುವುದಿಲ್ಲ. ನೀವು ಬಂದಮೇಲೆ ಮನೆತನದ ಮರ್ಯಾದೆ ಎಂದು ನಿಲ್ಲಿಸುವ ಹಾಗಿದ್ದರೆ ಈಗಲೇ ಹೇಳಿ.

ಇದನ್ನು ಜೈಲಿನ ಅಂಚೆಗೆ ಹಾಕದೆ ನಿಮ್ಮ ವಕೀಲರ ಕೈಲಿ ಕಳಿಸುತ್ತಿರುವುದರಿಂದ ಬರೆಯುತ್ತೇನೆ, ಮಾಸ್ಟರ್‌ಮಶಾಯ್ ನನಗೆ ಕೊಟ್ಟ ಕೆಲಸಗಳೂ ಇವೆ. ಅವು ಏನೆಂದು ನಿಮಗೆ ಹೇಳಬೇಕಾಗಿಲ್ಲ ಎಂದಿದ್ದಾರೆ.

ಇಷ್ಟನ್ನು ಕಟುವಾಗಿ ಬರೆದೆ ಎಂದು ಅನ್ನಿಸಬಹುದು. ನಿಮ್ಮ ಜೂನ್ ತಿಂಗಳ ಕಾಗದವನ್ನು ನಾನು ಸುಟ್ಟಿಲ್ಲ. ಸುಡಬೇಕಾಗಿಲ್ಲದ ಮೊದಲ ಕಾಗದ ಅದು. ಪೆಟ್ಟಿಗೆಯಲ್ಲಿದೆ, ಮಡಿಕೆ ಹರಿಯುವಷ್ಟು ಸಲ ತೆಗೆದಿದ್ದೇನೆ. ಕೂದಲು ಬೆಳೆಯಲು ಬಿಟ್ಟಿದ್ದೇನೆ, ಭುಜಕ್ಕೆ ಬಂದಿದೆ. ಆದರೆ ನಮ್ಮ ಮೊದಲ ಮದುವೆಯ ದಿನ ನನಗೆ ಹದಿನಾಲ್ಕು. ಅಪ್ಪ ನಿಮ್ಮ ದೊಡ್ಡಪ್ಪನನ್ನು ಕೇಳಿದರು, ದೊಡ್ಡಪ್ಪ ಜ್ಯೋತಿಷಿಯನ್ನು ಕೇಳಿದರು, ಜ್ಯೋತಿಷಿ ಪಂಚಾಂಗವನ್ನು ಕೇಳಿದ. ನನ್ನನ್ನು ಪೀಠದ ಮೇಲೆ ಕೂರಿಸಿ ಎತ್ತಿಕೊಂಡು ಬಂದರು, ಅಷ್ಟೇ.

ಈಗ ನನಗೆ ಇಪ್ಪತ್ತಾರು. ನೀವು ಜೈಲಿನಿಂದ ಬಂದು, ಹುಟ್ಟಿ, ಹೆಸರಿಡಿಸಿಕೊಂಡು, ಅನ್ನ ತಿಂದಮೇಲೆ, ಈ ಸಲ ಯಾರನ್ನೂ ಕಳಿಸದೆ ನೀವೇ ಚಾವಡಿಗೆ ಬಂದು ನನ್ನನ್ನು ಕೇಳಬೇಕು. ಮಕ್ಕಳ ಪಾಠ ಮುಗಿಯುವುದು ನಾಲ್ಕು ಗಂಟೆಗೆ. ಅದಕ್ಕೆ ಮೊದಲು ಬಂದರೆ ಹೊರಗೆ ಕಾಯಬೇಕಾಗುತ್ತದೆ.

ಇತಿ
ಸರಯೂಬಾಲಾ